ಓದುಗರೊಡನೆ: ರಾತ್ರಿ ಹತ್ತರ ಮೇಲೆ ಸಭಾಪಾಲಕನಿಗೇನು ಕೆಲಸ?

ಅಮೆರಿಕದ ಬೋಸ್ಟನ್ ನಗರದಲ್ಲಿ 1990ರ ದಶಕದಲ್ಲಿ ಕೆಲವು ಸಭಾಪಾಲಕರು (ಚರ್ಚಿನ ಪಾದ್ರಿಗಳು) ಶುಕ್ರವಾರ ರಾತ್ರಿಗಳಲ್ಲಿ ಬೀದಿಗಿಳಿದು ಗ್ಯಾಂಗುಗಳ ಹುಡುಗರ ನಡುವೆ ಓಡಾಡುತ್ತಿದ್ದ ಸಂಗತಿಯನ್ನು ಕಳೆದ ತಿಂಗಳ ಅಂಕಣದಲ್ಲಿ ನಾಲ್ಕು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಆ ನಾಲ್ಕು ಸಾಲಿಗೆ ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಆದ್ದರಿಂದ ಈ ಸಲ ಬೇರೆ ವಿಷಯಗಳನ್ನೆಲ್ಲ ಬದಿಗಿಟ್ಟು ಈ ಪತ್ರಗಳಿಗೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಬೋಸ್ಟನ್ನಿನಲ್ಲಿ ಕೊಲೆಗಳು ಇಳಿದದ್ದು ಸಭಾಪಾಲಕರ ಪ್ರಾರ್ಥನೆಯ ಫಲವೆಂದು ನಮ್ಮ ಉಪದೇಶಿಯವರು ಕೂಟದಲ್ಲಿ ಹೇಳಿದರು. ಅದು ಪೊಲೀಸರ ಬಿಗಿ ಕ್ರಮದ ಫಲವೆಂದು ನನ್ನ ಮಗ ವಾದಿಸುತ್ತಾನೆ. ಯಾರ ಮಾತು ಸರಿ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಮೇಷ್ಟ್ರೇ, ಇಬ್ಬರ ಮಾತಿನಲ್ಲೂ ಹುರುಳಿದೆ, ಇಬ್ಬರೂ ಹೇಳದೆ ಬಿಟ್ಟದ್ದೇ ಹೆಚ್ಚು. 1990ರಲ್ಲಿ ಬೋಸ್ಟನ್ನಿನಲ್ಲಿ 152 ಕೊಲೆಗಳಾದವು. 1999ರಲ್ಲಿ ಆ ಸಂಖ್ಯೆ 31ಕ್ಕೆ ಇಳಿಯಿತು. ಪತ್ರಿಕೆಗಳು ಇದನ್ನು ‘ಬೋಸ್ಟನ್ ಪವಾಡ’ ಎಂದು ಕರೆದವು. ಪವಾಡ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮವರಿಗೆ ಸಾಕ್ಷಿ ಹೇಳುವ ಉತ್ಸಾಹ ಬರುವುದು ಸಹಜ. ಆದರೆ ನಡೆದದ್ದನ್ನು ನಡೆದ ಕ್ರಮದಲ್ಲಿ ನೋಡುವುದು ಒಳ್ಳೆಯದು.

1980ರ ದಶಕದ ಕೊನೆಯ ವರ್ಷಗಳಲ್ಲಿ ಕ್ರ್ಯಾಕ್ ಕೊಕೇನ್ ಎಂಬ ಮಾದಕವಸ್ತುವಿನ ದಂಧೆ ಆ ನಗರದ ಡಾರ್ಚೆಸ್ಟರ್, ರಾಕ್ಸ್‌ಬರಿ, ಮ್ಯಾಟಪ್ಯಾನ್ ಎಂಬ ಬಡಾವಣೆಗಳನ್ನು ಹೊಕ್ಕಿತು. ದಂಧೆಯ ಹಿಂದೆಯೇ ಬಂದೂಕೂ ಬಂತು. ಅಲ್ಲಿ ವಾಸವಾಗಿದ್ದವರಲ್ಲಿ ಕಪ್ಪುಜನರೇ ಹೆಚ್ಚು, ಮತ್ತು ಅವರಿಗೂ ಪೊಲೀಸರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. 1989ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯ ವ್ಯಕ್ತಿ ತನ್ನ ಗರ್ಭಿಣಿ ಹೆಂಡತಿಯನ್ನು ಕೊಲೆ ಮಾಡಿ, ಗುಂಡು ಹಾರಿಸಿದವನು ಒಬ್ಬ ಕಪ್ಪುಮನುಷ್ಯನೆಂದು ದೂರಿದ. ಪೊಲೀಸರು ಅವನ ಮಾತನ್ನು ನಂಬಿ ಕಪ್ಪು ಹುಡುಗರನ್ನು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಸುಳ್ಳು ಬಯಲಾಗುವ ಹೊತ್ತಿಗೆ ಉಳಿದಿದ್ದ ಅಲ್ಪಸ್ವಲ್ಪ ವಿಶ್ವಾಸವೂ ಹೋಗಿತ್ತು.

ಇಂಥ ಊರಿನಲ್ಲಿ ಚರ್ಚುಗಳಿಗೇನೂ ಕೊರತೆಯಿರಲಿಲ್ಲ. ಭಾನುವಾರ ಕ್ವಾಯರ್, ಪ್ರಸಂಗ (ಬೋಧನೆ), ಕಾಣಿಕೆ ಎಲ್ಲವೂ ಸಾಂಗವಾಗಿ ನಡೆಯುತ್ತಿದ್ದವು. ರಾತ್ರಿ ಬಾಗಿಲಿಗೆ ಬೀಗ ಬೀಳುತ್ತಿತ್ತು. ಜೆಫ್ರಿ ಬ್ರೌನ್ ಎಂಬ ಬ್ಯಾಪ್ಟಿಸ್ಟ್ ಸಭಾಪಾಲಕರು ಪಕ್ಕದ ಕೇಂಬ್ರಿಜ್‌ನ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿದ್ದರು. ಹಿಂಸೆಯ ವಿರುದ್ಧ ತಾವು ಎಷ್ಟು ಜೋರಾಗಿ ಪ್ರಸಂಗ ಮಾಡಿದರೂ ಹೊರಗೆ ಏನೂ ಬದಲಾಗಲಿಲ್ಲವೆಂದು ಅವರೇ ಒಪ್ಪಿಕೊಂಡಿದ್ದಾರೆ. ಚರ್ಚಿಗೆ ಕೂಗಳತೆಯ ದೂರದಲ್ಲೇ ಒಬ್ಬ ಯುವಕನ ಕೊಲೆಯಾದಾಗ, ತಾನು ಮಾತಾಡುತ್ತಿರುವುದು ಕೊಲ್ಲುವವರೊಂದಿಗೂ ಅಲ್ಲ, ಸಾಯುವವರೊಂದಿಗೂ ಅಲ್ಲ ಎಂಬುದು ಅವರಿಗೆ ಹೊಳೆಯಿತು.

ಯೂಜೀನ್ ರಿವರ್ಸ್ ಎಂಬ ಇನ್ನೊಬ್ಬ ಸಭಾಪಾಲಕರು ಡಾರ್ಚೆಸ್ಟರಿನ ಫೋರ್ ಕಾರ್ನರ್ಸ್ ಎಂಬಲ್ಲಿ ಸಂಸಾರ ಸಮೇತ ಮನೆ ಮಾಡಿದರು. ಆ ಮನೆಗೆ ಗುಂಡು ಬಿದ್ದರೂ ಅವರು ಜಾಗ ಖಾಲಿ ಮಾಡಲಿಲ್ಲ. ತಮಗೆ ಪಾಠ ಹೇಳಿದವನು ಆ ಬೀದಿಯ ಮಾದಕವಸ್ತು ಮಾರಾಟಗಾರನೆಂದು ಅವರು ಹಲವೆಡೆ ಹೇಳಿದ್ದಾರೆ. ಅವನು ಹೇಳಿದ್ದರ ತಾತ್ಪರ್ಯ ಇಷ್ಟು: ಹುಡುಗ ಶಾಲೆಗೆ ಹೋಗುವಾಗ ದಾರಿಯಲ್ಲಿ ನಾನಿರುತ್ತೇನೆ, ನೀವಿರುವುದಿಲ್ಲ, ಅಮ್ಮ ಹೇಳಿದಳೆಂದು ಅಂಗಡಿಗೆ ಬ್ರೆಡ್ಡು ತರಲು ಬಂದಾಗಲೂ ನಾನಿರುತ್ತೇನೆ, ನೀವಿರುವುದಿಲ್ಲ, ಹೀಗಾಗಿ ಗೆಲ್ಲುವವನು ನಾನು. ದೈವಶಾಸ್ತ್ರದ ಕಾಲೇಜಿನಲ್ಲಿ ಪಾಲನಾ ಸೇವೆಯ ಬಗ್ಗೆ ನಾನು ಮೂರು ವರ್ಷ ಓದಿದ್ದು, ಈ ಮಾತಿನ ಮುಂದೆ ತೆಳ್ಳಗೆ ಕಾಣುತ್ತದೆ.

1992ರ ಮೇ ತಿಂಗಳಲ್ಲಿ ಮ್ಯಾಟಪ್ಯಾನಿನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ, ಕೊಲೆಯಾದ ಯುವಕನೊಬ್ಬನ ಅಂತ್ಯಕ್ರಿಯೆಯ ಆರಾಧನೆ ನಡೆಯುತ್ತಿರುವಾಗಲೇ ಗ್ಯಾಂಗಿನವರು ಒಳನುಗ್ಗಿ, ಸೇರಿದ್ದವರ ಎದುರಿಗೇ ಮತ್ತೊಬ್ಬ ಹುಡುಗನನ್ನು ಚೂರಿಯಿಂದ ಇರಿದರು. ಬೀದಿಗೆ ಹೋಗಬೇಕೇ ಬೇಡವೇ ಎಂದು ಚರ್ಚಿಸುತ್ತಿದ್ದವರ ಮನೆಯೊಳಕ್ಕೆ ಬೀದಿಯೇ ಬಂದಂತಾಯಿತು. ಬ್ರೌನ್, ರಿವರ್ಸ್ ಮತ್ತು ವೈದ್ಯರೂ ಆಗಿದ್ದ ಸಭಾಪಾಲಕ ರೇ ಹ್ಯಾಮಂಡ್ ಮೊದಲಾದವರು ಸೇರಿ ‘ಟೆನ್ ಪಾಯಿಂಟ್ ಕೊಯಲಿಷನ್’ ಎಂಬ ಒಕ್ಕೂಟವನ್ನು ಕಟ್ಟಿದರು. ಅದರ ಹತ್ತು ಅಂಶಗಳಲ್ಲಿ ಪ್ರತಿಯೊಂದು ಸಭೆ ಒಂದೊಂದು ಗ್ಯಾಂಗನ್ನು ದತ್ತು ತೆಗೆದುಕೊಳ್ಳಬೇಕೆಂಬುದು ಒಂದು. ನ್ಯಾಯಾಲಯದಲ್ಲಿ ಹುಡುಗರ ಪರವಾಗಿ ನಿಲ್ಲುವವರನ್ನು ಕಳಿಸಬೇಕೆಂಬುದು ಇನ್ನೊಂದು.

ಇಲ್ಲಿಂದ ಮುಂದಿನದು ನನಗೆ ಬಹಳ ಮುಖ್ಯವೆನಿಸುತ್ತದೆ. ಸಭಾಪಾಲಕರು ಶುಕ್ರವಾರ ರಾತ್ರಿ ಹತ್ತರಿಂದ ನಸುಕಿನ ಎರಡು ಗಂಟೆಯವರೆಗೆ ಫೋರ್ ಕಾರ್ನರ್ಸ್ ಸುತ್ತ ನಡೆಯತೊಡಗಿದರು. ಆರಂಭದಲ್ಲಿ ಹುಡುಗರು ಹತ್ತಿರ ಬರಲಿಲ್ಲ, ದೂರದಿಂದಲೇ ಅಳೆಯುತ್ತಿದ್ದರು: ಇವರು ಮುಂದಿನ ವಾರವೂ ಬರುತ್ತಾರೆಯೇ, ಅಥವಾ ಪತ್ರಿಕೆಯವರು ಫೋಟೋ ತೆಗೆದುಕೊಂಡ ಮೇಲೆ ಮಾಯವಾಗುತ್ತಾರೆಯೇ? ವಾರವಾರವೂ ಬರುತ್ತಾರೆಂದು ಖಾತ್ರಿಯಾದ ಮೇಲೆ ಮಾತು ಶುರುವಾಯಿತು, ಮತ್ತು ಆಗ ಸಭಾಪಾಲಕರು ತಾವು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಬೇಕೆಂಬುದನ್ನು ಕಲಿತರು. ಪ್ರಸಂಗ ಮಾಡಿ ಅಭ್ಯಾಸವಾದವನಿಗೆ ಇದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.

ಇನ್ನು ನಿಮ್ಮ ಮಗನ ಪಕ್ಷ. 1996ರಲ್ಲಿ ಪೊಲೀಸರು, ಜೈಲಿನ ಬದಲು ನಿಗಾದಲ್ಲಿರುವ ಅಪರಾಧಿಗಳನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿಗಳು, ಬೀದಿ ಕಾರ್ಯಕರ್ತರು ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ‘ಆಪರೇಷನ್ ಸೀಸ್‌ಫೈರ್’ ಎಂಬ ಕ್ರಮವನ್ನು ಜಾರಿಗೆ ತಂದರು. ಗ್ಯಾಂಗಿನವರನ್ನು ಎದುರಿಗೆ ಕೂರಿಸಿಕೊಂಡು, ಗುಂಡು ಹಾರಿದರೆ ಇಡೀ ಗುಂಪಿನ ಮೇಲೆ ಕಾನೂನು ಎರಗುತ್ತದೆ, ಬಿಟ್ಟುಬರುವವನಿಗೆ ಸಹಾಯ ಇಲ್ಲೇ ಇದೆ ಎಂದು ಮುಖಾಮುಖಿ ಹೇಳಲಾಯಿತು. ಹಳೆಯ ಅಪರಾಧಗಳಿದ್ದ ಒಬ್ಬನ ಬಳಿ ಒಂದೇ ಒಂದು ಗುಂಡು ಸಿಕ್ಕಿದ್ದಕ್ಕೆ ಸುಮಾರು 20 ವರ್ಷಗಳ ಶಿಕ್ಷೆಯಾದುದನ್ನು ಉದಾಹರಣೆಯಾಗಿ ತೋರಿಸಿದರು. ಅದಾದ ಮೇಲೆ ಎಳೆಯರ ಕೊಲೆಗಳು ತೀವ್ರವಾಗಿ ಇಳಿದದ್ದು ದಾಖಲೆಯಲ್ಲಿದೆ. ಆದರೆ 1989ರ ಗಾಯ ಹಸಿಯಾಗಿದ್ದ ಬಡಾವಣೆಯಲ್ಲಿ ಪೊಲೀಸರ ಮಾತಿಗೆ ಕಿವಿ ಕೊಡುವವರು ಯಾರು? ಮೊದಲು ಪೊಲೀಸರನ್ನು ಕಟುವಾಗಿ ಟೀಕಿಸುತ್ತಿದ್ದ ಸಭಾಪಾಲಕರೇ ಅವರ ಪಕ್ಕ ನಿಂತದ್ದರಿಂದ, ಮತ್ತು ಪೊಲೀಸರು ಮಿತಿ ಮೀರಿದಾಗ ಅದನ್ನು ಬಹಿರಂಗವಾಗಿ ಹೇಳುವ ಹಕ್ಕನ್ನು ಉಳಿಸಿಕೊಂಡದ್ದರಿಂದ, ಆ ಮಾತಿಗೆ ತೂಕ ಬಂತು. ಪ್ರಾರ್ಥನೆಯ ಪಾತ್ರವೇನೆಂದು ಕೇಳಿದರೆ, ಮನೆಗೆ ಗುಂಡು ಬಿದ್ದ ಮರುದಿನವೂ ಅದೇ ಮನೆಯಲ್ಲಿ ಏಳುವ ಧೈರ್ಯ ಎಲ್ಲಿಂದ ಬಂತೆಂದು ನಾನು ಕೇಳುತ್ತೇನೆ. 31 ಎಂಬ ಅಂಕಿಯನ್ನು ಮಾತ್ರ ಪ್ರಾರ್ಥನೆಯ ಲೆಕ್ಕಕ್ಕೆ ಬರೆಯಲಾರೆ, ಏಕೆಂದರೆ 2000ದ ನಂತರ ಒಕ್ಕೂಟದಲ್ಲಿ ಬಿರುಕು ಬಿಟ್ಟು ಕೆಲಸ ಸಡಿಲವಾದಾಗ ಕೊಲೆಗಳು ಮತ್ತೆ ಏರಿದವು. ಆಗ ಪ್ರಾರ್ಥನೆಯೇನೂ ನಿಂತಿರಲಿಲ್ಲ.

ಪ್ರಶ್ನೆ: ಇದೆಲ್ಲ ಅಮೆರಿಕದ ಪ್ರೊಟೆಸ್ಟೆಂಟರ ಕಥೆಯಾಯಿತು. ಕಥೋಲಿಕ ಸಭೆಯಲ್ಲಿ ಇದಕ್ಕಿಂತ ಹಿಂದಿನ ಮಾದರಿ ಇಲ್ಲವೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ ಇದೆ. ಇಟಲಿಯ ಟ್ಯೂರಿನ್ ನಗರದ ಸಂತ ಜಾನ್ ಬೋಸ್ಕೊ 1841ರಲ್ಲಿ ಗುರುದೀಕ್ಷೆ ಪಡೆದರು. ಆ ವರ್ಷದ ಡಿಸೆಂಬರ್ 8ರಂದು ಅವರು ಪೂಜೆಗೆ ಸಿದ್ಧರಾಗುತ್ತಿದ್ದಾಗ, ಪೂಜೆಗೆ ನೆರವಾಗಲು ಬಾರದ ಒಬ್ಬ ಗಾರೆ ಕೆಲಸದ ಅನಾಥ ಹುಡುಗನನ್ನು ಚರ್ಚಿನ ಸೇವಕ ಹೊಡೆದು ಅಟ್ಟಿದ. ಬೋಸ್ಕೊ ಹುಡುಗನನ್ನು ವಾಪಸು ಕರೆಸಿದರು. ಓದು ಬರುತ್ತದೆಯೇ? ಇಲ್ಲ. ಹಾಡಲು? ಇಲ್ಲ. ಸಿಳ್ಳೆ ಹೊಡೆಯಲು? ಹುಡುಗ ನಕ್ಕುಬಿಟ್ಟ. ತಮ್ಮ ಕೆಲಸ ಆ ಭೇಟಿಯಿಂದ ಆರಂಭವಾಯಿತೆಂದು ಬೋಸ್ಕೊ ನೆನಪಿನ ಬರಹದಲ್ಲಿ ಬರೆದುಕೊಂಡಿದ್ದಾರೆ. ಹುಡುಗನಿಗೆ ಬಾರದ್ದನ್ನು ಕೇಳುತ್ತ ಹೋಗುವ ಪರೀಕ್ಷೆಯನ್ನು ಬಿಟ್ಟು, ಬರುವುದನ್ನು ಹುಡುಕಿದ ಆ ಪ್ರಶ್ನೆಯೇ ನನಗೆ ಇಡೀ ವಿಧಾನದ ಬೀಜವಾಗಿ ಕಾಣುತ್ತದೆ.

ಅವರು ಸಿಳ್ಳೆಯಲ್ಲೇ ನಿಲ್ಲಲಿಲ್ಲ. 1852ರಲ್ಲಿ ಒಬ್ಬ ಬಡಗಿಯೊಂದಿಗೆ ಅವರು ಮಾಡಿಕೊಟ್ಟ ಒಪ್ಪಂದ ಪತ್ರ ಇಂದಿಗೂ ಉಳಿದಿದೆ: ಕಲಿಯಲು ಬಂದ ಹುಡುಗನನ್ನು ಕಸುಬಿನ ಕೆಲಸಕ್ಕಷ್ಟೇ ಹಚ್ಚಬೇಕು, ತಪ್ಪಿದರೆ ಮಾತಿನಲ್ಲಿ ತಿದ್ದಬೇಕು, ಹೊಡೆಯಬಾರದು, ಹಬ್ಬದ ದಿನ ಬಿಡುವು ಕೊಡಬೇಕು. ಅವರ ಸಲೇಷಿಯನ್ ಸಭೆಯವರು ಭಾರತಕ್ಕೆ ಬಂದದ್ದು 1906ರಲ್ಲಿ, ತಂಜಾವೂರಿಗೆ. ಬೆಂಗಳೂರಿನಲ್ಲಿ ಬೀದಿಮಕ್ಕಳ ನಡುವೆ 1980ರಿಂದ ಕೆಲಸ ಮಾಡುತ್ತ ಬಂದಿರುವ ‘ಬೋಸ್ಕೊ’ ಸಂಸ್ಥೆಯೂ ಇದೇ ಪರಂಪರೆಯದು. ಅದರ ಹೆಸರಿನ ಅಕ್ಷರಗಳನ್ನು ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂದು ಬಿಡಿಸಿಕೊಂಡವರ ಜಾಣತನವನ್ನು ಮೆಚ್ಚಬೇಕು.

ಪ್ರಶ್ನೆ: ಪೂಜ್ಯ ಅಯ್ಯನವರಿಗೆ ವಂದನೆಗಳು. ಹದಿನೇಳು ವರ್ಷದ ನನ್ನ ಮಗ ಪಿಯುಸಿಗೆ ಹೋಗುವುದನ್ನು ಬಿಟ್ಟಿದ್ದಾನೆ. ಅವನ ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ರಾತ್ರಿ ಒಂದಕ್ಕೆ ಬರುತ್ತಾನೆ. ನಮ್ಮ ಪಾಸ್ಟರು ಅವನಲ್ಲಿ ದುರಾತ್ಮವಿದೆ, ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆಗೆ ಕರೆತನ್ನಿ ಎನ್ನುತ್ತಾರೆ. ಅವನ ಅಪ್ಪ ಮನೆಯಿಂದ ಹೊರಗೆ ಹಾಕುತ್ತೇನೆ ಎನ್ನುತ್ತಾರೆ. ನಾನೇನು ಮಾಡಲಿ?
— ಒಬ್ಬ ತಾಯಿ

ಉತ್ತರ: ಅಮ್ಮಾ, ಮೊದಲನೆಯದಾಗಿ ಅವನನ್ನು ಮನೆಯಿಂದ ಹೊರಗೆ ಹಾಕಲು ಬಿಡಬೇಡಿ. ರಾತ್ರಿ ಒಂದಕ್ಕಾದರೂ ಅವನು ಬರುತ್ತಿರುವುದು ನಿಮ್ಮ ಮನೆಗೇ. ಆ ಬಾಗಿಲು ಮುಚ್ಚಿದರೆ ಅವನಿಗೆ ತೆರೆದಿರುವ ಬಾಗಿಲು ಯಾರದೆಂಬುದನ್ನು ಬೋಸ್ಟನ್ನಿನ ಆ ಮಾರಾಟಗಾರ ಆಗಲೇ ಹೇಳಿದ್ದಾನೆ.

ಎರಡನೆಯದು ಕಹಿ ಮಾತು. ಬೆಳೆಯುವ ಹುಡುಗನನ್ನು, ಅದೂ ಗಾಂಜಾ ಸೇದುತ್ತಿರುವವನನ್ನು, ಇಪ್ಪತ್ತೊಂದು ದಿನ ಅನ್ನ ಬಿಡಿಸಿ ಕೂರಿಸುವುದಕ್ಕೆ ನಾನು ಒಪ್ಪುವುದಿಲ್ಲ. ನಿನ್ನಲ್ಲಿ ದುರಾತ್ಮವಿದೆಯೆಂದು ಸಭೆಯ ಎದುರು ಹೇಳಿಸಿಕೊಂಡ ಹುಡುಗ ಮತ್ತೆ ಆ ಸಭೆಯ ಹೊಸ್ತಿಲು ತುಳಿಯುವುದು ಅಪರೂಪ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ನಾನು ಸೇವೆಯಲ್ಲಿದ್ದ ಒಂದು ಊರಿನಲ್ಲಿ ಇಂಥದೇ ಒಬ್ಬ ಹುಡುಗನಿದ್ದ. ಒಂದು ಭಾನುವಾರ ಪ್ರಸಂಗದ ನಡುವೆ, ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವಂತೆ, ಅವನ ಉದಾಹರಣೆ ಕೊಟ್ಟೆ. ಅವನು ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಎದ್ದು, ಕೈಯಲ್ಲಿದ್ದ ಗೀತೆಗಳ ಪುಸ್ತಕವನ್ನು ಬೆಂಚಿನ ಮೇಲೆ ಸದ್ದಾಗದಂತೆ ಇಟ್ಟು, ಹೊರಟುಹೋದ. ಸಿಟ್ಟಿನಿಂದ ಎಸೆದು ಹೋಗಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಮುಂದೆ ಅವನ ತಾಯಿಯ ಅಂತ್ಯಕ್ರಿಯೆಯಲ್ಲಿ ಸಮಾಧಿಯ ಬೇಲಿಯಾಚೆ ನಿಂತಿದ್ದವನನ್ನು ನೋಡಿದೆ, ಅಷ್ಟೇ.

ಈಗ ಮಾಡಬೇಕಾದದ್ದು: ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿರುತ್ತದೆ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಕೂಡ ಇವೆ. ವ್ಯಸನಮುಕ್ತಿಗೆ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್‌ನ 14416, ಎರಡೂ ಉಚಿತ ಕರೆಗಳು. ಹುಡುಗ ಒಪ್ಪದಿದ್ದರೆ ಮೊದಲು ನೀವೊಬ್ಬರೇ ಹೋಗಿ ಮಾತಾಡಿ ಬನ್ನಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಗಾಂಜಾ ತಾನೇ ಸೇದುತ್ತಾನೋ ಅಥವಾ ಬೇರೆಯವರದನ್ನು ಹೊತ್ತು ಮುಟ್ಟಿಸುತ್ತಾನೋ ಎಂಬುದನ್ನು ಗಲಾಟೆ ಮಾಡದೆ ತಿಳಿದುಕೊಳ್ಳಿ, ಏಕೆಂದರೆ ಎರಡನೆಯದಾದರೆ ವಕೀಲರ ಸಲಹೆಯೂ ಬೇಕಾಗುತ್ತದೆ. ಪ್ರಾರ್ಥನೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಒಂದಕ್ಕೆ ಅವನು ಬರುವವರೆಗೆ ನೀವು ಹೇಗೂ ಎಚ್ಚರವಾಗಿರುತ್ತೀರಿ. ಆ ಹೊತ್ತೇ ನಿಮ್ಮ ಪ್ರಾರ್ಥನೆಯಾಗಲಿ, ಬಂದವನಿಗೆ ಪ್ರಶ್ನೆಯ ಬದಲು ಊಟ ಬಡಿಸಿ. ಲೂಕನ ಸುವಾರ್ತೆಯಲ್ಲಿ ತಪ್ಪಿಹೋದ ಮಗ ಹಿಂದಿರುಗಿದಾಗ ತಂದೆ ಪ್ರಶ್ನೆ ಕೇಳದೆ ಒಳ್ಳೆಯ ಉಡುಪು ತೊಡಿಸಿ ಊಟದ ವ್ಯವಸ್ಥೆ ಮಾಡಿಸಿದ್ದನ್ನು ಅವನ ಅಪ್ಪನಿಗೆ ಓದಿ ತೋರಿಸಿ.

ಪ್ರಶ್ನೆ: ನಮ್ಮ ಯುವಜನ ಕೂಟದವರು ಮಾರ್ಕೆಟ್ ಹತ್ತಿರದ ಕೆಲವು ಪುಂಡರನ್ನು ಆರಾಧನೆಗೆ ಕರೆತರುತ್ತಿದ್ದಾರೆ. ಕತ್ತಿನ ತುಂಬ ಹಚ್ಚೆ, ಹಿಂದಿನ ಬೆಂಚಿನಲ್ಲಿ ಮೊಬೈಲು. ತಲೆತಲಾಂತರದಿಂದ ಸಭೆಯಲ್ಲಿರುವ ನಮ್ಮ ಹೆಣ್ಣುಮಕ್ಕಳ ಗತಿಯೇನು?
— ಸಭೆಯ ಹಿರಿಯರೊಬ್ಬರು

ಉತ್ತರ: ಮೇಲೆ ಹೇಳಿದ ತಪ್ಪಿಹೋದ ಮಗನ ಸಾಮತಿಯಲ್ಲಿ, ಅಂದರೆ ಯೇಸು ಹೇಳಿದ ಆ ದೃಷ್ಟಾಂತಕಥೆಯಲ್ಲಿ, ಹಿರಿಯ ಮಗನೊಬ್ಬನಿದ್ದಾನೆ, ಹಿರಿಯರೇ. ಹೊಲದಿಂದ ಬಂದು, ಒಳಗೆ ಹಾಡು ಕುಣಿತ ಕೇಳಿ, ಬಾಗಿಲ ಹೊರಗೇ ನಿಂತವನು. ಅವನು ಸುಳ್ಳು ಹೇಳಲಿಲ್ಲ. ದುಡಿದದ್ದು ನಿಜ, ತಮ್ಮ ಹಾಳುಮಾಡಿದ್ದೂ ನಿಜ. ಕಥೆ ಮುಗಿಯುವಾಗ ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳಲಿಲ್ಲ.

ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆಯನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅದಕ್ಕೆ ನಿಯಮಗಳು ಬೇಕು, ಮತ್ತು ಆ ನಿಯಮಗಳು ಹಚ್ಚೆಯಿರುವವನಿಗೂ ಕ್ವಾಯರಿನಲ್ಲಿ ಹಾಡುವವನಿಗೂ ಒಂದೇ ಆಗಿರಬೇಕು. ಸಭೆಗಳಲ್ಲಿ ಮಕ್ಕಳಿಗೆ ಹಾನಿಯಾದ ಪ್ರಕರಣಗಳಲ್ಲಿ ತಪ್ಪು ಮಾಡಿದವರು ಸಾಮಾನ್ಯವಾಗಿ ಎಲ್ಲರೂ ನಂಬಿದ್ದವರೇ ಹೊರತು ಹಿಂದಿನ ಬೆಂಚಿನ ಅಪರಿಚಿತರಲ್ಲ. ಮೊಬೈಲಿನ ವಿಷಯಕ್ಕೆ ಬಂದರೆ, ಮುಂದಿನ ಬೆಂಚುಗಳನ್ನೂ ಒಮ್ಮೆ ನೋಡಿ.

ಪ್ರಶ್ನೆ: ನಾನು ಹಿಂದೂ, ನಿಮ್ಮ ಅಂಕಣವನ್ನು ತಪ್ಪದೆ ಓದುವವನು. ನೇರವಾಗಿ ಕೇಳುತ್ತೇನೆ. ಕಷ್ಟದಲ್ಲಿರುವ ಹುಡುಗರಿಗೆ ಊಟ, ಕೆಲಸ, ಪ್ರೀತಿ ತೋರಿಸುವುದು ಕೊನೆಗೆ ಮತಾಂತರಕ್ಕೇ ಅಲ್ಲವೇ?
— ಓದುಗರು, ತುಮಕೂರು

ಉತ್ತರ: ನೇರವಾಗಿ ಕೇಳಿದ್ದಕ್ಕೆ ವಂದನೆಗಳು. ಹಾಗೆ ಮಾಡುವವರು ಇಲ್ಲವೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಅನ್ನದ ತಟ್ಟೆಯನ್ನು ಮುಂದಿಟ್ಟು ನಂಬಿಕೆಯನ್ನು ಕೇಳುವುದು ವ್ಯಾಪಾರ. ಹುಡುಗ ಹಸಿವಿನಿಂದ ಹೂಂ ಎಂದರೆ ಅದು ನಂಬಿಕೆಯೂ ಅಲ್ಲ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಹಸಿದಿದ್ದೆ, ಊಟ ಕೊಟ್ಟಿರಿ, ಸೆರೆಮನೆಯಲ್ಲಿದ್ದೆ, ನೋಡಲು ಬಂದಿರಿ ಎಂಬ ಮಾತು ಬರುತ್ತದೆ. ಅಲ್ಲಿ ಹಸಿದವನ ಮತ ಯಾವುದೆಂದು ವಿಚಾರಿಸಿದ ಸುಳಿವಿಲ್ಲ.

ಆದರೆ ಇನ್ನೊಂದು ಮಗ್ಗುಲೂ ಇದೆ. ರಾತ್ರಿ ಎರಡರವರೆಗೆ ಬೀದಿಯಲ್ಲಿರುವ ಸಭಾಪಾಲಕನನ್ನು ಹುಡುಗನೇ ಒಂದು ದಿನ ‘ನೀವು ಯಾಕೆ ಬರುತ್ತೀರಿ?’ ಎಂದು ಕೇಳುತ್ತಾನೆ. ಆಗ ಅವನು ತನ್ನ ನಂಬಿಕೆಯನ್ನು ಮುಚ್ಚಿಟ್ಟರೆ ಅದೂ ಒಂದು ಸುಳ್ಳೇ. ಕೇಳಿದವನಿಗೆ ಹೇಳಬಹುದು, ಕೇಳದವನಿಗೂ ಅಷ್ಟೇ ಊಟ, ಅಷ್ಟೇ ಸಮಯ, ಅದೇ ಜಾಮೀನಿನ ಓಡಾಟ. ಹದಿನೆಂಟು ತುಂಬದ ಹುಡುಗನ ಮತದ ವಿಷಯಕ್ಕಂತೂ ತಂದೆತಾಯಿಯನ್ನು ಬಿಟ್ಟು ಕೈಹಾಕಕೂಡದು. ನಿಮ್ಮೂರಿನಲ್ಲಿ ಇದಕ್ಕೆ ವಿರುದ್ಧವಾಗಿ ನಡೆದದ್ದನ್ನು ನೀವು ಕಂಡಿದ್ದರೆ, ನನ್ನ ಈ ಉತ್ತರ ಅದಕ್ಕೆ ಸಮರ್ಥನೆಯಲ್ಲ.

ಪ್ರಶ್ನೆ: ನಾವು ಐದು ಜನ ಗೆಳೆಯರು ಬಸ್ ನಿಲ್ದಾಣದ ಬಳಿ ಅಂಟು, ವೈಟ್ನರ್ ಮೂಸುತ್ತ ಕೂರುವ ಹುಡುಗರ ನಡುವೆ ಕೆಲಸ ಆರಂಭಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?
— ಯುವಜನ ಕೂಟದ ಕಾರ್ಯದರ್ಶಿ

ಉತ್ತರ: ವಾರದ ಒಂದು ರಾತ್ರಿಯನ್ನು ಗೊತ್ತುಮಾಡಿಕೊಳ್ಳಿ, ಮತ್ತು ಆರು ತಿಂಗಳು ತಪ್ಪಿಸಲಾರಿರೆಂದು ಖಾತ್ರಿಯಿದ್ದರೆ ಮಾತ್ರ ಹೋಗಿ. ಎರಡು ವಾರ ಬಂದು ಬಿಟ್ಟುಹೋದವರನ್ನು ಆ ಹುಡುಗರು ಬೇಕಾದಷ್ಟು ನೋಡಿದ್ದಾರೆ. ಕರಪತ್ರ ಒಯ್ಯಬೇಡಿ, ಹಣ ಕೊಡಬೇಡಿ, ಒಬ್ಬೊಬ್ಬರೇ ಹೋಗಬೇಡಿ, ಯಾವ ಹುಡುಗನನ್ನೂ ನಿಮ್ಮ ಕೋಣೆಗೆ ಮಲಗಲು ಕರೆದೊಯ್ಯಬೇಡಿ. ಕೊನೆಯದು ಎಷ್ಟೇ ನಿರ್ದಯವೆನಿಸಿದರೂ ಹಾಗೆಯೇ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ದಿಕ್ಕಿಲ್ಲದ ಮಗು ಕಂಡುಬಂದರೆ 24 ಗಂಟೆಯೊಳಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಮಕ್ಕಳ ಕಲ್ಯಾಣ ಸಮಿತಿಯ ದಾರಿ ತೆರೆಯುತ್ತದೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ವರದಿ ಮಾಡುವುದು ಕಡ್ಡಾಯ. ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದಾನೆ ಎಂಬ ನೆಪ ನಡೆಯುವುದಿಲ್ಲ. ಬಸ್ ನಿಲ್ದಾಣದ ಚಹಾ ಅಂಗಡಿಯವರು, ರಾತ್ರಿ ಪಾಳಿಯ ಕಂಡಕ್ಟರುಗಳು, ಪೌರಕಾರ್ಮಿಕರು ಆ ಹುಡುಗರನ್ನು ನಿಮಗಿಂತ ಚೆನ್ನಾಗಿ ಬಲ್ಲರು. ಮೊದಲ ತಿಂಗಳು ಅವರ ಹತ್ತಿರ ಚಹಾ ಕುಡಿಯುತ್ತ ಕೇಳಿಸಿಕೊಂಡರೆ ಸಾಕು.

ಇನ್ನೊಂದು ಮಾತು. ನಿಮ್ಮ ಪತ್ರದಲ್ಲಿ ಇಬ್ಬರು ಹುಡುಗರ ಹೆಸರು, ಒಬ್ಬನ ಶಾಲೆ ಮತ್ತು ಅವನ ಮೇಲಿರುವ ಕಳ್ಳತನದ ಪ್ರಕರಣವನ್ನು ವಿವರವಾಗಿ ಬರೆದು, ಫೋಟೋವನ್ನೂ ಇಟ್ಟಿದ್ದಿರಿ. ಅಂಥ ಮಕ್ಕಳ ಗುರುತನ್ನು ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಆ ಭಾಗವನ್ನು ಅಚ್ಚಿಗೆ ಕಳಿಸದೆ ತೆಗೆದಿದ್ದೇನೆ, ಫೋಟೋವನ್ನು ಹರಿದುಹಾಕಿದ್ದೇನೆ. ನಿಮ್ಮ ಕೂಟದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅದನ್ನು ಹಾಕಿದ್ದರೆ ಇವತ್ತೇ ಅಳಿಸಿಬಿಡಿ.